ಪುದೀನ ಜಜ್ಜಬೇಡ, ಮಗಾ

ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಗೆ ಅಮೆರಿಕದ ಬೈಯರ್ ಬರುತ್ತಾನೆ, ಅವನನ್ನು ಮನೆಗೆ ಊಟಕ್ಕೆ ಕರೆದಿದ್ದೇನೆ, ಮಿಂಟ್ ಜೂಲೆಪ್ ಮಾಡೋದು ಹೇಗೆ ದೊಡ್ಡಪ್ಪಾ ಎಂದು ಕೇಳಿದ್ದೀಯ. ವಾಲ್ಪಾರೈ ಕಡೆಯ ಟೀ ಎಸ್ಟೇಟ್ ಕ್ಲಬ್ಬಿನ ಬಾರಿನಲ್ಲಿ ನಿಂತು ಸಂಸಾರ ಸಾಕಿದವನು ನಾನು. ಸಿರುಮುಗೈಯ ಮಗ್ಗದ ಮನೆ ಬಿಟ್ಟು ಇಂಥ ಕೆಲಸ ಹಿಡಿದನಲ್ಲ ಎಂದು ನಮ್ಮ ದೇವಾಂಗರಲ್ಲೇ ಕೆಲವರು ಮುಖ ಸಿಂಡರಿಸಿದ್ದುಂಟು. ಅದೂ ಒಂದು ವಿದ್ಯೆ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ನಿನಗೆ 21 ದಾಟಿರುವುದರಿಂದ ಹೇಳುತ್ತೇನೆ. ಇಲ್ಲದಿದ್ದರೆ ಈ ಮಾತೇ ಎತ್ತುತ್ತಿರಲಿಲ್ಲ.

ಮೊದಲು ಬಾಟಲಿ. ಜೂಲೆಪಿಗೆ ಬೇಕಾದದ್ದು ಬರ್ಬನ್ ಎಂಬ ಅಮೆರಿಕದ ವಿಸ್ಕಿ. ಬರ್ಬನ್ ಎನ್ನಿಸಿಕೊಳ್ಳಬೇಕಾದರೆ ಬಳಸಿದ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಮಾಗಬೇಕು. ಅದರ ಬಣ್ಣ, ಆ ವೆನಿಲ್ಲಾದಂಥ ಸಿಹಿಗಂಪು ಎರಡೂ ಸುಟ್ಟ ಮರದ್ದು. ನಮ್ಮಲ್ಲಿ ವಿಸ್ಕಿ ಎಂದು ಅಗ್ಗಕ್ಕೆ ಸಿಗುವ ಎಷ್ಟೋ ಸರಕಿನ ಮೂಲ ಕಬ್ಬಿನ ಕಾಕಂಬಿ. ಪುದೀನಕ್ಕೆ ಅದು ಒಗ್ಗುವುದಿಲ್ಲ. ಸರ್ಕಾರಿ ಮದ್ಯದಂಗಡಿ ಟಾಸ್ಮಾಕ್‌ನ ಎಲೈಟ್ ಮಳಿಗೆಯಲ್ಲಿ ಬರ್ಬನ್ ಸಿಕ್ಕರೆ ಬಿಲ್ಲು ಸಮೇತ ತಾ. ಸಿಗದಿದ್ದರೆ ಜೂಲೆಪ್ ಕೈಬಿಡು, ಏನೂ ನಷ್ಟವಿಲ್ಲ. ಕೇರಳದ ಗಡಿ ದಾಟಿ ಕದ್ದು ತರುವುದು, ಯಾರೋ ಹಿಂಬಾಗಿಲಲ್ಲಿ ಕೊಟ್ಟದ್ದನ್ನು ಇಸಿದುಕೊಳ್ಳುವುದು ಬೇಡವೇ ಬೇಡ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ 60ಕ್ಕೂ ಹೆಚ್ಚು ಜನರ ಜೀವ ತೆಗೆದದ್ದು ನಿನಗೆ ಗೊತ್ತೇ ಇದೆ.

ಇನ್ನು ಪುದೀನ. ಜೂಲೆಪ್ ನಿಲ್ಲುವುದೂ ಬೀಳುವುದೂ ಇಲ್ಲೇ. ಅಮೆರಿಕದ ಕೆಂಟಕಿಯವರು ಜೂಲೆಪಿಗೆ ಬಳಸುವ ಸ್ಪಿಯರ್‌ಮಿಂಟ್ ಜಾತಿಯೇ ನಮ್ಮ ಚಟ್ನಿ ಪುದೀನ, ಆದ್ದರಿಂದ ಬೇರೆಲ್ಲೂ ಹುಡುಕಬೇಡ. ಉಳವರ್ ಸಂದೈ ಎಂಬ ರೈತರ ಸಂತೆಗೆ ಬೆಳಕು ಹರಿಯುವಾಗಲೇ ಹೋಗಿ ಕಪ್ಪು ಮಚ್ಚೆ ಇಲ್ಲದ ಕಟ್ಟು ಆರಿಸು. ತೊಳೆದು ಬಟ್ಟೆಯ ಮೇಲೆ ಹರಡಿ ನೀರಾರಿಸು. ಅದರ ಘಮದ ಎಣ್ಣೆ ಇರುವುದು ಎಲೆಯ ಮೇಲ್ಮೈಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ. ಮೆಲ್ಲಗೆ ಒತ್ತಿದರೆ ಸಾಕು, ಅವು ಒಡೆಯುತ್ತವೆ. ಚಟ್ನಿಗೆ ಅರೆದಂತೆ ಜಜ್ಜಿದೆಯೋ, ಎಲೆಯ ಒಳಗಿನ ರಸ ಹೊರಬಂದು ಹುಲ್ಲಿನ ವಾಸನೆ, ಕಹಿ. ಆಮೇಲೆ ಎಷ್ಟು ಸಕ್ಕರೆ ಸುರಿದರೂ ಆ ಕಹಿ ಹೋಗುವುದಿಲ್ಲ. ಲೋಟದ ತಳಕ್ಕೆ 8-10 ಎಲೆ ಹಾಕು. ಸಕ್ಕರೆ, ನೀರು ಸಮಸಮ ಬೆರೆಸಿ ಕರಗಿಸಿದ ಪಾಕ 10 ಮಿ.ಲೀ. ಬಿಡು. ಮರದ ಸೌಟಿನ ಹಿಂಬದಿಯಿಂದ ಎರಡು ಮೂರು ಸಲ ಅದುಮಿ, ತಿರುಗಿಸಿ, ಮೂಸಿ ನೋಡು. ಘಮ ಮೂಗಿಗೆ ಬಂದ ಕ್ಷಣವೇ ಕೈ ತೆಗೆ. ಹೊಸಬರೆಲ್ಲ ಎಡವುವುದು ಇನ್ನೊಂದು ಸಲ ಅದುಮೋಣ ಎಂಬ ಆಸೆಯಲ್ಲಿ.

ಐಸಿಗೆ ಸಿರುವಾಣಿ ನದಿಯ ನೀರನ್ನೇ ಹಿಂದಿನ ರಾತ್ರಿ ಇಡು. ನೀರಿನ ರುಚಿ ಐಸಿನಲ್ಲೂ ಉಳಿಯುತ್ತದೆ. ಗಟ್ಟಿ ನೂಲಿನ ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟು. ಬನಿಯನ್ ಬಟ್ಟೆ ಎಳೆ ಬಿಡುತ್ತದೆ, ಅದು ಬೇಡ. ಲೋಟಕ್ಕೆ ಅರ್ಧ ಐಸು, 60 ಮಿ.ಲೀ. ಬರ್ಬನ್, ಕಲಕು, ಮತ್ತೆ ಗೋಪುರದಂತೆ ಐಸು. ಒಂದು ಕುಡಿಯನ್ನು ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ಮೇಲೆ ಸಿಕ್ಕಿಸು, ಕುಡಿಯುವವನ ಮೂಗಿಗೆ ತಾಗುವ ಹಾಗೆ. ಮದುವೆಗೆ ಬಂದ ಬೆಳ್ಳಿ ಲೋಟಗಳು ಬೀರುವಿನಲ್ಲಿ ಕಪ್ಪಾಗುತ್ತಿವೆಯಲ್ಲ, ಅವನ್ನು ತೆಗೆ. ಬೆಳ್ಳಿ ಬೇಗ ತಣಿಯುತ್ತದೆ, ಹೊರಮೈಗೆ ಬಿಳಿ ಮಂಜು ಕಟ್ಟುತ್ತದೆ. ಆ ಮಂಜು ಕಟ್ಟುವವರೆಗೆ ಕೊಡಬೇಡ. ಕೊಡುವಾಗಲೂ ಬುಡವನ್ನಷ್ಟೇ ಹಿಡಿ, ಅಂಗೈ ಸುತ್ತಿದರೆ ಕರಗಿಹೋಗುತ್ತದೆ.

ಜೂಲೆಪ್ ಎಂದ ಮೇಲೆ ನಿನಗೆ ಟಾಮ್ ಬುಲಕ್ ಎಂಬವನ ಕತೆ ಹೇಳಲೇಬೇಕು. ಕೆಂಟಕಿಯ ಲೂಯಿವಿಲ್‌ನಲ್ಲಿ ಹುಟ್ಟಿದ ಕರಿಯ ಬಾರ್‌ಮನ್, ಸೇಂಟ್ ಲೂಯಿಸ್‌ನ ಶ್ರೀಮಂತರ ಕ್ಲಬ್ಬಿನಲ್ಲಿ ಕೆಲಸ. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ರನ್ನು ಕುಡುಕ ಎಂದು ಬರೆದ ಪತ್ರಿಕೆಯವನ ಮೇಲಿನ ಮಾನನಷ್ಟದ ಕೇಸು 1913ರಲ್ಲಿ ವಿಚಾರಣೆಗೆ ಬಂತು. ಆ ಕ್ಲಬ್ಬಿನಲ್ಲಿ ಜೂಲೆಪ್ ಒಂದೆರಡು ಗುಟುಕು ಕುಡಿದದ್ದಷ್ಟೇ ಎಂದು ರೂಸ್‌ವೆಲ್ಟ್ ಸಾಕ್ಷಿ ನುಡಿದರು. ಟಾಮ್ ಮಾಡಿದ ಜೂಲೆಪನ್ನು ಯಾರಾದರೂ ಅರ್ಧಕ್ಕೆ ಬಿಟ್ಟಾರೆಯೇ ಎಂದು ಸೇಂಟ್ ಲೂಯಿಸ್‌ನ ಪತ್ರಿಕೆಯೊಂದು ಸಂಪಾದಕೀಯದಲ್ಲೇ ಕೇಳಿತು! 1917ರಲ್ಲಿ ಅವನು ತನ್ನ ಪಾನೀಯಗಳ ಪುಸ್ತಕವನ್ನೇ ತಂದ. ಕೆಂಟಕಿ ಜೂಲೆಪಿನ ವಿಧಾನ ಅದರಲ್ಲಿ ನಾಲ್ಕೈದು ಸಾಲು. ಪುದೀನಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಿ ಎಂಬ ಎಚ್ಚರಿಕೆಯೂ ಇದೆ. ಬಾರಿನ ಆಚೆ ಕೂತವರ ಹೆಸರು ಚರಿತ್ರೆಯಲ್ಲಿ ಸುಲಭವಾಗಿ ಉಳಿಯುತ್ತದೆ, ಈಚೆ ನಿಂತವನದು ಉಳಿಯುವುದು ಅಪರೂಪ. ಅವನದು ಉಳಿದದ್ದು ಕೈಯ ಹದದಿಂದ. ಅದಕ್ಕೇ ನನಗೆ ಅವನ ಮೇಲೆ ಅಷ್ಟು ಗೌರವ.

ಈ ಪಾನೀಯ ಬಾಯಿಗೆ ತಂಪು, ಸಿಹಿ. ಒಳಗಿರುವುದು ಮಾತ್ರ ಪೂರ್ತಿ ವಿಸ್ಕಿ. ಬಾಯಾರಿಕೆಗೆ ಇದನ್ನು ಕುಡಿಯಬಾರದು. ಮೊದಲು ನೀರು ಕೊಡು, ಹೊಟ್ಟೆಗೆ ಏನಾದರೂ ಬೀಳಲಿ, ಆಮೇಲೆ ಜೂಲೆಪ್, ತಲೆಗೊಂದೇ. ಐಸು ಕರಗುತ್ತಾ ಖಾರ ಇಳಿಯಬೇಕು, ಮಾತು ನಡೆಯುತ್ತಿರಬೇಕು. ಎರಡನೆಯದನ್ನು ಕೇಳಿದರೆ ಊಟ ಬಡಿಸು. ಕುಡಿದವರ ಕೈಗೆ ಗಾಡಿ ಕೀ ಕೊಡಬೇಡ, ನೀನೂ ಮುಟ್ಟಬೇಡ. ಅವಿನಾಶಿ ರಸ್ತೆಯಲ್ಲಿ ರಾತ್ರಿ ಲಾರಿಗಳು ಹೇಗೆ ಬರುತ್ತವೆ ಎಂದು ನೋಡಿದ್ದೀಯ. ಕ್ಯಾಬ್ ಕರೆಸು.

ನಿನ್ನ ಅಮ್ಮನಂತೆ ಕುಡಿಯದವರೂ ಆ ಪಂಕ್ತಿಯಲ್ಲಿ ಇರುತ್ತಾರೆ. ಅವರಿಗೆ ಬಾಟಲಿ ಸೋಡಾ ಸುರಿದು ಕೈತೊಳೆದುಕೊಳ್ಳಬೇಡ. ತಾಳೆಬೆಲ್ಲ ಕರಗಿಸಿ ಸೋಸಿದ ಪಾಕ 30 ಮಿ.ಲೀ., ಅರ್ಧ ನಿಂಬೆಹಣ್ಣು, ಚಿಟಿಕೆ ಒಣಶುಂಠಿ, ಒಂದು ಏಲಕ್ಕಿಯ ಪುಡಿ. ನಮ್ಮ ರಾಮನವಮಿ ಪಾನಕದ ಲೆಕ್ಕವೇ. ಅದಕ್ಕೂ ಹಾಗೇ ಮೆಲ್ಲಗೆ ಅದುಮಿದ ಪುದೀನ, ಕುಟ್ಟಿದ ಐಸು, ಮೇಲೊಂದು ಕುಡಿ. ಲೋಟವೂ ಬೆಳ್ಳಿಯದೇ ಇರಲಿ, ಮೊದಲು ಅದನ್ನೇ ತಂದಿಡು.