ಹೆಸರಿಗೆ ಒಡೆಯರು ಯಾರು?

ಒಂದು ವ್ಯಾಪಾರ ಸಂಸ್ಥೆಯನ್ನು ಮಾರುವಾಗ ಅದರ ಕಟ್ಟಡ, ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಇವೆಲ್ಲಕ್ಕೂ ಬೆಲೆ ಕಟ್ಟುತ್ತಾರೆ. ಹೀಗೆ ಕಟ್ಟಿದ ಬೆಲೆಗಿಂತ ಹೆಚ್ಚು ಹಣವನ್ನು ಕೊಳ್ಳುವವನು ಕೊಟ್ಟರೆ ಆ ಹೆಚ್ಚಳವನ್ನು ಲೆಕ್ಕದ ಪುಸ್ತಕದಲ್ಲಿ 'ಗುಡ್‌ವಿಲ್' ಎಂದು ಬರೆಯುತ್ತಾರೆ. ಪಠ್ಯಪುಸ್ತಕದಲ್ಲಿ ಇದು ಎರಡು ಪುಟದ ವಿಷಯ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಈ ವಸ್ತು ಯಾವುದು, ಅದು ನಿಜವಾಗಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಹುಡುಕುತ್ತ ನಾನು ಹೋಗಿ ನಿಂತದ್ದು ಉತ್ತಮ ದರ್ಜೆಯ ಧ್ವನಿಯಂತ್ರಗಳ, ಎಂದರೆ ಆಂಪ್ಲಿಫಯರು ಲೌಡ್‌ಸ್ಪೀಕರುಗಳ, ಉದ್ಯಮದ ಬಾಗಿಲಲ್ಲಿ. ಅಲ್ಲಿ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಈ ಉದ್ಯಮದ ವಿಶೇಷವೆಂದರೆ ಇಲ್ಲಿನ ಹೆಸರುಗಳು ಬಹುಮಟ್ಟಿಗೆ ಮನುಷ್ಯರ ಹೆಸರುಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಸಂಗೀತದ ಹುಚ್ಚು ಹಿಡಿದ ಇಂಜಿನಿಯರುಗಳು ತಮಗೆ ಬೇಕಾದ ಯಂತ್ರವನ್ನು ತಾವೇ ಕಟ್ಟಿಕೊಂಡರು; ನೆರೆಹೊರೆಯವರು ತಮಗೂ ಒಂದು ಬೇಕೆಂದಾಗ ಅದೇ ಕಸುಬಾಯಿತು. ಫ್ರ್ಯಾಂಕ್ ಮೆಕಿಂಟಾಷ್ 1949ರಲ್ಲಿ ಕಂಪೆನಿ ತೆರೆದ. ನ್ಯೂಯಾರ್ಕಿನ ಸಾಲ್ ಮರಾಂಟ್ಸ್ 1953ರಲ್ಲಿ ತೆರೆದ. ಜಾನ್ ಬವರ್ಸ್ ಇಂಗ್ಲೆಂಡಿನ ವರ್ದಿಂಗ್ ಎಂಬ ಸಮುದ್ರತೀರದ ಊರಿನಲ್ಲಿ 1966ರಲ್ಲಿ 'ಬವರ್ಸ್ ಅಂಡ್ ವಿಲ್ಕಿನ್ಸ್' ಸ್ಥಾಪಿಸಿದ. ಪೆಟ್ಟಿಗೆಯ ಮುಖದ ಮೇಲೆ ಹೆಸರಿದ್ದರೆ ಆ ಹೆಸರಿನವನೇ ಅದಕ್ಕೆ ಹೊಣೆ ಎಂಬುದು ಆ ಕಾಲದ ಅರ್ಥ.

ಆದರೆ ಹೆಸರು ಒಮ್ಮೆ ಟ್ರೇಡ್‌ಮಾರ್ಕ್ ಆದರೆ ಅದೂ ಒಂದು ಸ್ವತ್ತು. ಹೊಲಮನೆಗಳಂತೆ ಅದನ್ನೂ ಕ್ರಯಕ್ಕೆ ಕೊಡಬಹುದು. ಇದನ್ನು ಮೊದಲು ಅನುಭವಿಸಿದವರಲ್ಲಿ ಜೇಮ್ಸ್ ಲ್ಯಾನ್ಸಿಂಗ್ ಒಬ್ಬ. ಹುಟ್ಟಿದಾಗ ಆತನ ಹೆಸರು ಮಾರ್ಟಿನಿ. ಲ್ಯಾನ್ಸಿಂಗ್ ಎಂಬುದು ಆತನೇ ಆರಿಸಿಕೊಂಡದ್ದು. ಆತನ ಮೊದಲ ಕಂಪೆನಿ 1941ರಲ್ಲಿ ಆಲ್ಟೆಕ್ ಎಂಬ ಸಂಸ್ಥೆಯ ಪಾಲಾಗಿ 'ಆಲ್ಟೆಕ್ ಲ್ಯಾನ್ಸಿಂಗ್' ಆಯಿತು. ಐದು ವರ್ಷ ಅಲ್ಲಿ ದುಡಿದು ಹೊರಬಂದು 1946ರಲ್ಲಿ ಹೊಸ ಕಂಪೆನಿಗೆ ಮತ್ತೆ ತನ್ನ ಹೆಸರನ್ನಿಟ್ಟರೆ ಹಳೆಯ ಮಾಲೀಕರು ಆಕ್ಷೇಪಿಸಿದರು. ಕೊನೆಗೆ 'ಜೇಮ್ಸ್ ಬಿ. ಲ್ಯಾನ್ಸಿಂಗ್ ಸೌಂಡ್' ಎಂದು ಪೂರ್ಣ ಹೆಸರಿನಿಂದ ಕರೆಯಬೇಕಾಯಿತು. ಯಂತ್ರವಿದ್ಯೆಯಲ್ಲಿ ನಿಪುಣ, ಹಣಕಾಸಿನಲ್ಲಿ ಅಲ್ಲ. 1949ರಲ್ಲಿ, ಕಂಪೆನಿ ಸಾಲದಲ್ಲಿ ಮುಳುಗಿದ್ದಾಗ, ಆತ ಆತ್ಮಹತ್ಯೆ ಮಾಡಿಕೊಂಡ. ಆತನ ಜೀವವಿಮೆಯ 10,000 ಡಾಲರುಗಳಿಂದ ಪಾಲುಗಾರ ಕಂಪೆನಿಯನ್ನು ಉಳಿಸಿದ. ಆ ಹೆಸರಿನ ಮೂರು ಅಕ್ಷರಗಳೇ ಇಂದು ನಮ್ಮ ಹಾಸ್ಟೆಲಿನ ಕಿಟಕಿಗಳಲ್ಲಿ ಸಂಜೆಯಾದರೆ ಹಾಡುವ ಪುಟ್ಟ ಪೆಟ್ಟಿಗೆಗಳ ಮೇಲಿರುವ 'ಜೆ.ಬಿ.ಎಲ್.'

ಮಾರ್ಕ್ ಲೆವಿನ್ಸನ್‌ನ ಕಥೆ ಇನ್ನೂ ವಿಚಿತ್ರವಾದುದು. ಈತ 1972ರಲ್ಲಿ ತನ್ನ ಹೆಸರಿನ ಕಂಪೆನಿ ಸ್ಥಾಪಿಸಿ, ಆಂಪ್ಲಿಫಯರುಗಳಿಗೆ ಅದುವರೆಗೆ ಯಾರೂ ಕೇಳದ ಬೆಲೆ ಕೇಳಿ, ಕೊಳ್ಳುವವರನ್ನೂ ಪಡೆದ. ಹೊರಗಿನ ಬಂಡವಾಳ ಬಂದಿತು. ಬಂಡವಾಳದ ಹಿಂದೆಯೇ ಅಧಿಕಾರವೂ ಕೈತಪ್ಪಿತು. 1984ರಲ್ಲಿ ಆತ ಹೊರಬಿದ್ದ. ನ್ಯಾಯಾಲಯದ ವ್ಯಾಜ್ಯ ಮುಗಿದಾಗ ಧ್ವನಿಯಂತ್ರಗಳ ವ್ಯಾಪಾರದಲ್ಲಿ 'ಮಾರ್ಕ್ ಲೆವಿನ್ಸನ್' ಎಂಬ ಹೆಸರನ್ನು ಬಳಸುವ ಹಕ್ಕು ಮಾರ್ಕ್ ಲೆವಿನ್ಸನ್‌ಗೆ ಇರಲಿಲ್ಲ! ಆಮೇಲೆ ಆತ ಕಟ್ಟಿದ ಒಂದು ಕಂಪೆನಿಗೆ 'ಡೇನಿಯಲ್ ಹರ್ಟ್ಸ್' ಎಂದು ಹೆಸರು. ಡೇನಿಯಲ್ ಎಂಬುದು ತಂದೆಯ ಹೆಸರು, ಹರ್ಟ್ಸ್ ಎಂಬುದು ತಾಯಿಯ ತವರಿನದು.

ಹಾಗಾದರೆ ಹೆಸರಿಗೆ ಇಷ್ಟು ಬೆಲೆ ಏಕೆ? ಸಂಗೀತವನ್ನು ಕೇಳುವುದು ಕಿವಿ, ಕಿವಿ ಓದುವುದಿಲ್ಲವಷ್ಟೆ. ಈ ವಾದಕ್ಕೆ ಸಮರ್ಪಕವಾದ ಉತ್ತರ ಒಂದು ಪ್ರಯೋಗದಿಂದ ಬಂದಿತು. ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಬಹುಕಾಲ ಕೆಲಸ ಮಾಡಿ 1991ರಲ್ಲಿ ಹರ್ಮನ್ ಕಂಪೆನಿಗೆ ಬಂದರು. ಅವರೂ ಷಾನ್ ಆಲಿವ್ ಎಂಬವರೂ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ಕಂಪೆನಿಯ 40 ಮಂದಿ ನೌಕರರಿಗೆ ನಾಲ್ಕು ಲೌಡ್‌ಸ್ಪೀಕರುಗಳನ್ನು ಕೇಳಿಸಿದರು. ಒಮ್ಮೆ ಪರದೆಯ ಹಿಂದೆ ಇಟ್ಟು. ಇನ್ನೊಮ್ಮೆ ಕಣ್ಣಿಗೆ ಕಾಣುವಂತೆ. ಪರದೆಯ ಹಿಂದಿದ್ದಾಗ ಚೆನ್ನಾಗಿ ಅಂಕ ಗಳಿಸಿದ್ದ ಅಗ್ಗದ ಪುಟ್ಟ ಸ್ಪೀಕರು ಕಣ್ಣಿಗೆ ಬಿದ್ದ ಕೂಡಲೇ ಕೆಳಗಿಳಿಯಿತು. ದೊಡ್ಡದಾದ, ದುಬಾರಿಯಾದ ಪೆಟ್ಟಿಗೆಗಳು ಮೇಲೇರಿದವು. ಸಂಗೀತ ಅದೇ, ಕೇಳುವವರೂ ಅವರೇ. ಕಣ್ಣಿಗೆ ಬಿದ್ದ ರೂಪವೂ ಕೀರ್ತಿಯೂ ಕಿವಿಯೊಳಗೆ ಇಳಿದು ಸ್ವರವನ್ನು ತಿದ್ದುತ್ತವೆ ಎಂದಾಯಿತು. ಗುಡ್‌ವಿಲ್ ಎಂದರೇನೆಂದು ನನಗೆ ಸ್ಪಷ್ಟವಾಗಿ ತಿಳಿದದ್ದು ಲೆಕ್ಕಪತ್ರಶಾಸ್ತ್ರದಿಂದಲ್ಲ, ಈ ಪರದೆಯಿಂದ. ಇನ್ನೊಂದು ಮಾತು: ಇಂಥ ಪ್ರಯೋಗಶಾಲೆಯನ್ನು ಇಬ್ಬರು ಮೂವರು ಸೇರಿ ನಡೆಸುವ ಸಣ್ಣ ಕಾರ್ಖಾನೆ ಕಟ್ಟಲಾರದು. ದೊಡ್ಡ ಬಂಡವಾಳವನ್ನು ಬರಿಯ ರಾಕ್ಷಸನೆಂದು ಬಗೆಯುವವರು ಇದನ್ನು ಮರೆಯಬಾರದು.

ಈ ಹರ್ಮನ್ ಕಂಪೆನಿಯ ಚರಿತ್ರೆಯೂ ಸ್ವಾರಸ್ಯವಾದುದೇ. ಸಿಡ್ನಿ ಹರ್ಮನ್ 1953ರಲ್ಲಿ ಬರ್ನಾರ್ಡ್ ಕಾರ್ಡನ್ ಎಂಬ ಪಾಲುಗಾರನೊಡನೆ ಆರಂಭಿಸಿ, 1969ರಲ್ಲಿ ಜೆ.ಬಿ.ಎಲ್. ಕೊಂಡ. ಅಧ್ಯಕ್ಷ ಕಾರ್ಟರ್ ಸರಕಾರದಲ್ಲಿ ಹುದ್ದೆ ಸಿಕ್ಕಿದಾಗ 1977ರಲ್ಲಿ ಕಂಪೆನಿಯನ್ನು ಬಿಯಾಟ್ರಿಸ್ ಎಂಬ ಸಂಸ್ಥೆಗೆ ಮಾರಿದ. ಅದು ಬೆಣ್ಣೆಯ ವ್ಯಾಪಾರದಿಂದ ಬೆಳೆದ ಆಹಾರದ ಸಂಸ್ಥೆ! ಸ್ಪೀಕರು ಮಾರುವುದು ಬೆಣ್ಣೆ ಮಾರಿದಂತಲ್ಲವೆಂದು ಅವರಿಗೆ ಬೇಗನೆ ತಿಳಿದಿರಬೇಕು. 1980ರಲ್ಲಿ ಹರ್ಮನ್ ತಾನು ಪಡೆದುದಕ್ಕಿಂತ ಬಹಳ ಕಡಿಮೆ ಹಣಕ್ಕೆ ಕಂಪೆನಿಯ ಬಹುಭಾಗವನ್ನು ಮರಳಿ ಕೊಂಡ. 1995ರಲ್ಲಿ ಮಾರ್ಕ್ ಲೆವಿನ್ಸನ್ ಹೆಸರೂ ಹರ್ಮನ್ ಬುಟ್ಟಿಗೆ ಬಂದಿತು. 2017ರಲ್ಲಿ ಕೊರಿಯದ ಸ್ಯಾಮ್‌ಸಂಗ್ ಸುಮಾರು 800 ಕೋಟಿ ಡಾಲರು ಕೊಟ್ಟು ಬುಟ್ಟಿಯನ್ನೇ ಕೊಂಡಿತು.

ಸ್ಯಾಮ್‌ಸಂಗ್ ಇಷ್ಟು ಹಣ ಸುರಿದದ್ದು ಸಂಗೀತಪ್ರೇಮಿಯ ಕೋಣೆಗಾಗಿ ಅಲ್ಲ. ಆಗ ಹರ್ಮನ್ ವ್ಯಾಪಾರದ ಸುಮಾರು 65 ಪಾಲು ಮೋಟಾರು ಕಾರುಗಳಿಗೆ ಸಂಬಂಧಿಸಿದ್ದು. ಲಕ್ಷಗಟ್ಟಲೆ ಬೆಲೆಯ ಆಂಪ್ಲಿಫಯರು ವರ್ಷಕ್ಕೆ ಎಷ್ಟು ಮಾರೀತು? ಅದೇ ಹೆಸರನ್ನು ಲೆಕ್ಸಸ್ ಕಾರಿನ ಬಾಗಿಲಿಗೆ ಅಂಟಿಸಿದರೆ ವ್ಯಾಪಾರದ ಪ್ರಮಾಣವೇ ಬೇರೆ. ಬಿ.ಎಂ.ಡಬ್ಲ್ಯೂ. ಕಾರಿನಲ್ಲಿ ಬವರ್ಸ್ ಅಂಡ್ ವಿಲ್ಕಿನ್ಸ್, ಟೊಯೊಟಾದಲ್ಲಿ ಜೆ.ಬಿ.ಎಲ್. ಹೀಗೆ ಮನೆಯ ದೊಡ್ಡ ಯಂತ್ರ ಹೆಸರನ್ನು ಬೆಳೆಸುತ್ತದೆ, ಕಾರು ಅದರ ಫಲವನ್ನು ಕೊಯ್ಯುತ್ತದೆ. ನಮ್ಮ ಬೆಂಗಳೂರಿನಲ್ಲಿಯೂ ಹರ್ಮನ್ನಿನ ಇಂಜಿನಿಯರುಗಳ ಕಚೇರಿಯಿದೆ.

ಇದರಿಂದ ಕೆಲಸಗಾರನಿಗೇನಾಗುತ್ತದೆ ಎಂಬುದಕ್ಕೆ ಎರಡು ವಿರುದ್ಧ ಉದಾಹರಣೆಗಳಿವೆ. ವಿಯೆನ್ನಾದ ಎ.ಕೆ.ಜಿ. 1947ರಿಂದ ಮೈಕ್ರೊಫೋನುಗಳಿಗೆ ಹೆಸರಾದದ್ದು; 1994ರಲ್ಲಿ ಹರ್ಮನ್ ಪಾಲಾಯಿತು. 2017ರಲ್ಲಿ ಅದರ ವಿಯೆನ್ನಾ ಕಾರ್ಖಾನೆಗೆ ಬೀಗ ಬಿದ್ದಿತು. ಅದೇ ವರ್ಷ ಎ.ಕೆ.ಜಿ. ಎಂಬ ಅಕ್ಷರಗಳು ಸ್ಯಾಮ್‌ಸಂಗ್ ಫೋನಿನ ಜೊತೆಗೆ ಬರುವ ಇಯರ್‌ಫೋನಿನ ಮೇಲೆ ಕಾಣಿಸಿಕೊಂಡವು. ಕೆಲಸ ಕಳೆದುಕೊಂಡ ಕೆಲವರು ಅಲ್ಲಿಯೇ 'ಆಸ್ಟ್ರಿಯನ್ ಆಡಿಯೊ' ಎಂಬ ಹೊಸ ಕಂಪೆನಿ ಕಟ್ಟಿ ಮೈಕ್ರೊಫೋನು ಮಾಡತೊಡಗಿದರು. ಹೆಸರು ಒಂದು ಕಡೆ ಹೋಯಿತು, ವಿದ್ಯೆ ಇನ್ನೊಂದು ಕಡೆ ಉಳಿಯಿತು.

ಮೆಕಿಂಟಾಷ್ ಇದಕ್ಕೆ ವಿರುದ್ಧ. 1990ರಲ್ಲಿ ಜಪಾನಿನ ಕ್ಲಾರಿಯನ್, 2003ರಲ್ಲಿ ಡಿ ಅಂಡ್ ಎಂ, 2012ರಲ್ಲಿ ಇಟಲಿಯ ಫೈನ್ ಸೌಂಡ್ಸ್, ಹೀಗೆ ಒಡೆಯರು ಬದಲಾದರೂ ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಊರನ್ನು ಬಿಡಲಿಲ್ಲ. ಈ ಕಂಪೆನಿ 1962ರಿಂದ 1991ರವರೆಗೆ ಒಂದು 'ಕ್ಲಿನಿಕ್' ನಡೆಸಿತು. ತನ್ನ ತಂತ್ರಜ್ಞರನ್ನು ಊರೂರಿನ ಅಂಗಡಿಗಳಿಗೆ ಕಳುಹಿಸಿ, ಯಾರ ಆಂಪ್ಲಿಫಯರೇ ಆಗಲಿ, ಪ್ರತಿಸ್ಪರ್ಧಿಯದೇ ಆಗಲಿ, ಪುಕ್ಕಟೆಯಾಗಿ ಪರೀಕ್ಷಿಸಿ ಅಳತೆಯ ಗೆರೆಯನ್ನು ಕಾಗದದ ಮೇಲೆ ಬರೆದುಕೊಡುತ್ತಿತ್ತು. ಗುಡ್‌ವಿಲ್ ಎಲ್ಲಿ ತಯಾರಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಕಾಗದವನ್ನು ತೋರಿಸುತ್ತೇನೆ.

ಮೆಕಿಂಟಾಷನ್ನು 2024ರ ನವೆಂಬರಿನಲ್ಲಿ ಕೊಂಡದ್ದು ಬೋಸ್ ಕಂಪೆನಿ. ಅದರ ಸ್ಥಾಪಕ ಅಮರ್ ಬೋಸ್, ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. 2011ರಲ್ಲಿ ಅವರು ಕಂಪೆನಿಯ ಬಹುಪಾಲು ಷೇರುಗಳನ್ನು ತಾವು ಓದಿ ಪಾಠ ಹೇಳಿದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ದಾನ ಮಾಡಿದರು. ಆ ಷೇರುಗಳಿಗೆ ಮತದಾನದ ಹಕ್ಕಿಲ್ಲ, ಮಾರುವಂತೆಯೂ ಇಲ್ಲ; ಲಾಭಾಂಶ ಮಾತ್ರ ವಿದ್ಯೆಗೆ, ಸಂಶೋಧನೆಗೆ. ಒಡೆತನದ ಇಂಥ ರೂಪವೂ ಉಂಟೆಂಬುದು ನಮ್ಮ ಪಠ್ಯದಲ್ಲಿಲ್ಲ.

ಉಳಿದದ್ದು ಇತ್ತೀಚಿನ ಒಂದು ಕ್ರಯ. ಆಸ್ಪತ್ರೆಗಳಲ್ಲಿ ರಕ್ತದ ಆಮ್ಲಜನಕವನ್ನು ಅಳೆಯುವ ಉಪಕರಣ ಮಾಡುವ ಮಾಸಿಮೊ ಎಂಬ ಕ್ಯಾಲಿಫೋರ್ನಿಯದ ಕಂಪೆನಿ 2022ರಲ್ಲಿ ಮರಾಂಟ್ಸ್, ಡೆನನ್, ಬವರ್ಸ್ ಅಂಡ್ ವಿಲ್ಕಿನ್ಸ್ ಮೊದಲಾದ ಹೆಸರುಗಳ ಗುಂಪನ್ನು 102 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಸುದ್ದಿ ಹೊರಬಿದ್ದಾಗ ಅದರ ಷೇರಿನ ಬೆಲೆ ಒಂದೇ ದಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು. ಷೇರುದಾರರ ಜಗಳದಲ್ಲಿ ಸ್ಥಾಪಕನೇ 2024ರಲ್ಲಿ ಹೊರಬಿದ್ದ. 2025ರಲ್ಲಿ ಆ ಗುಂಪನ್ನು 35 ಕೋಟಿ ಡಾಲರಿಗೆ ಮಾರಿದರು. ಮೂರು ವರ್ಷದಲ್ಲಿ ಬೆಲೆ ಮೂರರಲ್ಲೊಂದು ಪಾಲಾಯಿತು, ಕೊಂಡದ್ದು ಹರ್ಮನ್. ಲ್ಯಾನ್ಸಿಂಗ್, ಲೆವಿನ್ಸನ್, ಮರಾಂಟ್ಸ್, ಬವರ್ಸ್, ಈ ನಾಲ್ವರ ಹೆಸರುಗಳ ಒಡೆತನವೂ ಈಗ ಕೊರಿಯದ ಸುವೋನ್ ನಗರದಲ್ಲಿರುವ ಒಂದೇ ಕಂಪೆನಿಗೆ ಸೇರಿದೆ.