ರೈತ ಕುಟುಂಬದಲ್ಲಿ ಎಳೆಯ ಮಕ್ಕಳ ಕಲಿಕೆಗೆ ಯೋಜನೆ

ಮಕ್ಕಳ ಕಲಿಕೆಯು ಶಾಲೆಗೆ ಸೇರಿಸಿದ ದಿನದಿಂದ ಪ್ರಾರಂಭವಾಗುತ್ತದೆಂಬ ಭಾವನೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದಕ್ಕೆ ಮೊದಲಿನ ಐದಾರು ವರ್ಷ ಮಗು ಉಂಡು, ಆಡಿ, ಮಲಗಿದರೆ ಸಾಕೆಂದು ತಿಳಿಯುವವರುಂಟು. ವಾಸ್ತವವಾಗಿ ಮಿದುಳಿನ ಬೆಳವಣಿಗೆಯಲ್ಲಿ ಶೇಕಡ 85ಕ್ಕೂ ಹೆಚ್ಚು ಭಾಗವು 6 ವರ್ಷ ತುಂಬುವುದರೊಳಗೆ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೇಳಲಾಗಿದೆ. ಮಾತು, ಎಣಿಕೆ, ಕೈಬೆರಳುಗಳ ಹಿಡಿತ, ನಾಲ್ಕು ಜನರೊಡನೆ ಹೊಂದಿಕೊಂಡು ಹೋಗುವುದು, ಇವೆಲ್ಲಕ್ಕೂ ತಳಪಾಯ ಬೀಳುವುದು ಮನೆಯಲ್ಲಿಯೇ.

ಇದಕ್ಕೆ ವಿರುದ್ಧವಾದ ತಪ್ಪೂ ಈಚೆಗೆ ಹೆಚ್ಚುತ್ತಿದೆ. ಮೂರು ವರ್ಷದ ಮಗುವನ್ನು ಕೂರಿಸಿ, ಕೈಗೆ ಪೆನ್ಸಿಲು ಕೊಟ್ಟು, ಅಕ್ಷರಗಳನ್ನು ಪುಟಗಟ್ಟಲೆ ತಿದ್ದಿಸುವ ತಂದೆತಾಯಿಗಳು ಇದ್ದಾರೆ. ಆ ವಯಸ್ಸಿನಲ್ಲಿ ಬೆರಳು ಮತ್ತು ಮಣಿಕಟ್ಟಿನ ಸ್ನಾಯುಗಳು ಬರವಣಿಗೆಗೆ ಸಿದ್ಧವಾಗಿರುವುದಿಲ್ಲ. ಬಲಿಯದ ಹೋರಿಯ ಹೆಗಲಿಗೆ ನೊಗ ಹೂಡುವ ರೈತನಿಲ್ಲ. ಮಗುವಿನ ವಿಷಯದಲ್ಲಿಯೂ ಅದೇ ತಾಳ್ಮೆ ಬೇಕು.

ಕಲಿಕೆಗೆ ಸಾಮಗ್ರಿ

ಎಳೆಯ ಮಕ್ಕಳಿಗೆ ಕಲಿಸಲು ದುಬಾರಿ ಆಟಿಕೆಗಳು ಬೇಕೆಂಬುದು ಸರಿಯಲ್ಲ. ತಾರಾಬಾಯಿ ಮೋಡಕ್‌ರವರು 1945ರಲ್ಲಿ ಇಂದಿನ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ಬಾಲವಾಡಿ ಪ್ರಾರಂಭಿಸಿದರು. ಅನುತಾಯಿ ವಾಘ್‌ರವರು ಅವರ ಜೊತೆಗಾರ್ತಿ. ಮಾಂಟೆಸೊರಿ ಪದ್ಧತಿಯ ಬೆಲೆಬಾಳುವ ಉಪಕರಣಗಳಿಗೆ ಬದಲಾಗಿ ಬೆಣಚುಕಲ್ಲು, ಬೀಜ, ಎಲೆ, ಕಪ್ಪೆಚಿಪ್ಪುಗಳನ್ನೇ ಅವರು ಬಳಸಿದರು. ಶಾಲೆಗೆ ಬಾರದ ಮಕ್ಕಳಿರುವ ಅಂಗಳಕ್ಕೇ ಶಿಕ್ಷಕಿಯರು ಹೋದರು. ಅಂಗನವಾಡಿ ಎಂಬ ಹೆಸರಿನಲ್ಲಿರುವುದು ಆ ಅಂಗಳವೇ. ರೈತರ ಮನೆಯಲ್ಲಿ ಅಂಗಳವೂ ಉಂಟು, ಬೀಜ ಎಲೆಗಳಿಗೂ ಕೊರತೆಯಿಲ್ಲ. ಇಲ್ಲದಿರುವುದು ಬಿಡುವು.

ಆದುದರಿಂದ ಗಡಿಯಾರ ನೋಡಿ ಪಾಠದ ವೇಳಾಪಟ್ಟಿ ಹಾಕಿಕೊಂಡರೆ ಅದು ವಾರದಲ್ಲೇ ಬಿದ್ದುಹೋಗುತ್ತದೆ. ಹೇಗಿದ್ದರೂ ನಡೆಯಲೇಬೇಕಾದ ಕೆಲಸಗಳಿಗೆ ಕಲಿಕೆಯನ್ನು ಜೋಡಿಸಿಕೊಳ್ಳುವುದೇ ಕಾರ್ಯಸಾಧ್ಯವಾದ ಯೋಜನೆ. ಬೆಳಿಗ್ಗೆ ಹಾಲು ಕರೆಯುವಾಗ ಒಂದು, ಅಡುಗೆಗೆ ಕಾಳು ಹಸನು ಮಾಡುವಾಗ ಒಂದು, ಸಂಜೆ ದನಗಳನ್ನು ಕಟ್ಟಿದ ಮೇಲೆ ಒಂದು, ಹೀಗೆ ದಿನಕ್ಕೆ ಮೂರು ಸಂದರ್ಭಗಳನ್ನು ಗೊತ್ತುಮಾಡಿಕೊಂಡರೆ ಸಾಕು. ಒಂದೊಂದೂ ಹತ್ತು ನಿಮಿಷಕ್ಕೆ ಮೀರಬೇಕಾಗಿಲ್ಲ. ಮಗು ಎದ್ದು ಓಡಿದರೆ ಅಂದಿನ ಪಾಠ ಮುಗಿಯಿತೆಂದೇ ತಿಳಿಯತಕ್ಕದ್ದು.

ಎರಡು ವರ್ಷದವರೆಗೆ ಮಾತೇ ಮುಖ್ಯ ಪಾಠ. "ಇದು ಕೆಂದ ಹಸು, ಅದರ ಕರು ಬಿಳಿದು, ಕರು ಹಾಲು ಕುಡೀತಿದೆ ನೋಡು" ಎಂದು ತಾಯಿ ಹಾಲು ಕರೆಯುತ್ತಾ ಹೇಳಿದರೆ ಬಣ್ಣ, ಸಂಬಂಧ, ಕ್ರಿಯೆ ಮೂರೂ ಒಂದೇ ಉಸಿರಿನಲ್ಲಿ ಮಗುವಿನ ಕಿವಿಗೆ ಬೀಳುತ್ತವೆ. ಮಗು "ಕಯು" ಎಂದರೆ ತಿದ್ದಿ ನಗೆಯಾಡಬಾರದು. "ಹೌದು, ಕರು" ಎಂದು ಸರಿಯಾದ ಮಾತನ್ನು ಮತ್ತೊಮ್ಮೆ ಹೇಳಿದರೆ ಸಾಕು. ಮನೆಮಾತು ಕನ್ನಡವಾಗಲಿ, ತೆಲುಗು, ತುಳು, ಉರ್ದು, ಲಂಬಾಣಿಯಾಗಲಿ, ಅದೇ ಮಾತಿನಲ್ಲಿ ಆಡಬೇಕು. ಅರೆಬರೆ ಇಂಗ್ಲಿಷ್ ಪದಗಳನ್ನು ಕಲಿಸುವ ಆತುರದಲ್ಲಿ ಮನೆಮಾತು ಸೊರಗಿದರೆ ಎರಡೂ ನಿಲ್ಲುವುದಿಲ್ಲ. ತಂದೆಯೂ ಮಗುವಿನೊಡನೆ ಮಾತನಾಡಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹೊಲದಿಂದ ಬಂದವನು ಕಾಲು ತೊಳೆಯುವಾಗ ಅಂದು ಕಂಡ ಹಕ್ಕಿ, ಹಾವಿನ ಪೊರೆ, ಬಿದ್ದ ಮಳೆಯ ವಿಷಯ ಹೇಳಿದರೂ ಅದು ಪಾಠವೇ.

ಅವರೆಕಾಯಿಯ ಕಾಲ

ಮೂರರಿಂದ ಐದು ವರ್ಷದ ಮಕ್ಕಳ ಬೆರಳುಗಳಿಗೆ ಮಾಗಿಯ ಅವರೆಕಾಯಿಗಿಂತ ಒಳ್ಳೆಯ ಸಾಧನ ಸಿಕ್ಕುವುದು ಕಷ್ಟ. ಕಾಯಿ ಸುಲಿಯುವಾಗ ಎರಡೂ ಕೈ ಒಟ್ಟಿಗೆ ಕೆಲಸ ಮಾಡಬೇಕು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿಚುಕುವಾಗ ಬೇಕಾಗುವ ಹಿಡಿತವೇ ಮುಂದೆ ಬಳಪ ಹಿಡಿಯಲು ಬೇಕಾಗುವ ಹಿಡಿತ. ಮಗು ಹಿಚುಕಿದ ಕಾಳು ಪಾತ್ರೆಗೆ ಬೀಳದೆ ಅಜ್ಜಿಯ ಮಡಿಲಿಗೋ ಜಂತೆಗೋ ಚಿಮ್ಮೀತು, ಮನೆಯವರೆಲ್ಲ ನಕ್ಕಾರು. ಅದರಿಂದ ನಷ್ಟವೇನೂ ಇಲ್ಲ. ಸುಲಿಯುತ್ತಿರುವಾಗಲೇ "ಈ ಕಾಯಲ್ಲಿ ಎಷ್ಟು ಕಾಳಿದೆ? ಹುಳ ಬಿದ್ದಿರೋದನ್ನ ಬೇರೆ ಹಾಕು" ಎಂದರೆ ಎಣಿಕೆಯೂ ವಿಂಗಡಣೆಯೂ ಆಗುತ್ತದೆ. ನಾಲ್ಕು ವರ್ಷದ ಮಗು ಅವರೆ, ತೊಗರಿ, ಹುರುಳಿ ಬೆರೆತದ್ದನ್ನು ಮೂರು ಬಟ್ಟಲಿಗೆ ಬೇರ್ಪಡಿಸಬಲ್ಲದು. ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ಗೆರೆ, ಸೊನ್ನೆ, ಬೇಕೆನಿಸಿದಾಗ ಅಕ್ಷರ ಬರೆಯಬಹುದು. ತಪ್ಪಾದರೆ ತಟ್ಟೆ ಅಲುಗಿಸಿದರಾಯಿತು.

ಅಳತೆಯನ್ನು ಕಲಿಸಲು ಪಾವು, ಸೇರು ಇನ್ನೂ ಮೂಲೆಯಲ್ಲಿದ್ದರೆ ತೆಗೆದುಕೊಡಬೇಕು. ನಾಲ್ಕು ಪಾವು ಸುರಿದಾಗ ಒಂದು ಸೇರು ತುಂಬುವುದನ್ನು ಕಣ್ಣಾರೆ ಕಂಡ ಮಗುವಿಗೆ ಮುಂದೆ ಕಾಲು, ಅರ್ಧ, ಮುಕ್ಕಾಲುಗಳ ಲೆಕ್ಕ ತೊಡಕಾಗುವುದಿಲ್ಲ. ಮಳೆಗಾಲದಲ್ಲಿ ಒಳಗೆ ಕೂರುವ ದಿನಗಳಿಗೆ ಚನ್ನೆಮಣೆ ಇದ್ದೇ ಇದೆ. 14 ಗುಳಿಗಳಿಗೆ ತಲಾ ನಾಲ್ಕರಂತೆ ತುಂಬಲು 56 ಹುಣಸೆಬೀಜ ಬೇಕು. ಐದು ವರ್ಷದ ಮಗುವಿಗೆ ಆ ತುಂಬುವ ಕೆಲಸವೇ ಒಂದು ಆಟ.

ಮೊಳಕೆ ಪರೀಕ್ಷೆ

ಮೇ ತಿಂಗಳಲ್ಲಿ, ಬಿತ್ತನೆಗೆ ಮೊದಲು, ಮನೆಯಲ್ಲಿ ಉಳಿಸಿಕೊಂಡ ಬೀಜದ ಮೊಳಕೆ ಪ್ರಮಾಣವನ್ನು ರೈತನು ಹೇಗೂ ನೋಡಬೇಕು. ಇದನ್ನು ಐದಾರು ವರ್ಷದ ಮಗುವಿನ ಕೈಯಿಂದ ಮಾಡಿಸಬಹುದು. ಔಷಧಿ ಲೇಪಿಸದ ತೊಗರಿಯಲ್ಲಿ, ಆರಿಸದೆ, ಕೈಗೆ ಬಂದಂತೆ 100 ಕಾಳು ತೆಗೆದುಕೊಳ್ಳಬೇಕು. ಗೋಣಿಚೀಲದ ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ನೆಲದ ಮೇಲೆ ಹಾಸಬೇಕು. ಸಾಲಿಗೆ 10ರಂತೆ 10 ಸಾಲು ಕಾಳುಗಳನ್ನು ಮಗುವೇ ಇಡಲಿ. ಮೇಲೆ ಇನ್ನೊಂದು ಒದ್ದೆ ತುಂಡು ಹೊದಿಸಿ, ಸಡಿಲವಾಗಿ ಸುರುಳಿ ಸುತ್ತಿ, ನೆರಳಿನಲ್ಲಿಟ್ಟು, ತೇವ ಆರದಂತೆ ದಿನವೂ ನೀರು ಚಿಮುಕಿಸಬೇಕು. ನೀರು ಚಿಮುಕಿಸುವುದನ್ನು ಮರೆಯದೆ ನೆನಪಿಸುವುದೂ ಮಗುವಿನ ಕೆಲಸವಾಗಲಿ.

ನಾಲ್ಕನೆಯ ದಿನ ಒಮ್ಮೆ, ಆರನೆಯ ದಿನ ಮತ್ತೊಮ್ಮೆ ಬಿಚ್ಚಿ, ಗಟ್ಟಿಯಾಗಿ ಮೊಳೆತವನ್ನು ಒಂದು ಕಡೆ, ಮೊಳೆಯದವನ್ನು, ಕೊಳೆತವನ್ನು ಇನ್ನೊಂದು ಕಡೆ ಹಾಕಿ ಎಣಿಸಬೇಕು. ಪ್ರಮಾಣಿತ ತೊಗರಿ ಬೀಜದಲ್ಲಿ ನೂರಕ್ಕೆ ಕನಿಷ್ಠ 75 ಮೊಳೆಯಬೇಕೆಂಬ ನಿಯಮವಿದೆ. ಅದಕ್ಕಿಂತ ಕಡಿಮೆಯಾದರೆ ಬಿತ್ತುವ ಪ್ರಮಾಣ ಹೆಚ್ಚಿಸಬೇಕು, ತೀರ ಕಡಿಮೆಯಾದರೆ ಬೇರೆ ಬೀಜ ತರಬೇಕು. ತಾನು ಎಣಿಸಿ ಹೇಳಿದ ಸಂಖ್ಯೆಯ ಮೇಲೆ ಅಪ್ಪ ಬಿತ್ತನೆಯನ್ನು ತೀರ್ಮಾನಿಸಿದನೆಂಬುದು ಮಗುವಿಗೆ ಗೊತ್ತಾಗಬೇಕು. ಎಣಿಕೆ ಯಾಕೆ ಬೇಕೆಂಬ ಪ್ರಶ್ನೆ ಆಮೇಲೆ ಏಳುವುದಿಲ್ಲ. ಮಗು ಎಣಿಸಿದ್ದನ್ನು ಹಿರಿಯರು ಗುಟ್ಟಾಗಿ ಇನ್ನೊಮ್ಮೆ ಎಣಿಸಿ ನೋಡುವುದು ಮಾತ್ರ ಒಳ್ಳೆಯದು.

ಅಪಾಯಗಳು

ಕಾಳು ಬೀಜಗಳನ್ನು ಮಗುವಿನ ಕೈಗೆ ಕೊಡಿರೆಂದು ಹೇಳಿದ ಮೇಲೆ ಯಾವ ಬೀಜವನ್ನು ಕೊಡಲೇಬಾರದೆಂಬುದನ್ನು ವಿವರವಾಗಿ ಹೇಳಲೇಬೇಕು. ಅಂಗಡಿಯಿಂದ ತಂದ ಮುಸುಕಿನ ಜೋಳ, ಸೂರ್ಯಕಾಂತಿ, ಹತ್ತಿ ಬೀಜಗಳಿಗೆ ಕೆಂಪು, ನೀಲಿ, ಹಸಿರು ಬಣ್ಣವಿರುತ್ತದೆ. ಇದು ವಿಷ ಲೇಪಿಸಿದೆ ಎಂಬುದಕ್ಕೆ ಗುರುತು. ಮಗುವಿನ ಕಣ್ಣಿಗೆ ಮಾತ್ರ ಮಿಠಾಯಿಯಂತೆ ಕಾಣುತ್ತದೆ. ಉಳಿದ ಬೀಜವನ್ನಾಗಲಿ, ಖಾಲಿ ಚೀಲವನ್ನಾಗಲಿ ಮನೆಯೊಳಗೆ ಬಿಸಾಡಬಾರದು. ಗುಲಗಂಜಿ, ಹರಳು, ಕಾಡುಹರಳು, ದತ್ತೂರಿ ಬೀಜಗಳು ಸ್ವಭಾವತಃ ವಿಷ. ಅದರಲ್ಲಿಯೂ ಗುಲಗಂಜಿಯ ಅಂದಕ್ಕೆ ಮಕ್ಕಳು ಬೇಗ ಮರುಳಾಗುತ್ತಾರೆ. ಕೀಟನಾಶಕವನ್ನು ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸವನ್ನು ಕೂಡಲೇ ಬಿಡತಕ್ಕದ್ದು. ದಾಸ್ತಾನಿನ ಹುಳುವಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಂದ ಹೊರಡುವ ಅನಿಲ ಪ್ರಾಣಾಂತಿಕವಾದುದರಿಂದ ವಾಸದ ಮನೆಯಲ್ಲಿ ಅವನ್ನು ಬಳಸಲೇಬಾರದು.

ಮೂರು ವರ್ಷದೊಳಗಿನ ಮಕ್ಕಳಿಗೆ ಒಳ್ಳೆಯ ಕಾಳೂ ಅಪಾಯವೇ. ಕಡಲೆಕಾಯಿ ಬೀಜ, ಕಡಲೆ, ಅವರೆಕಾಳು ಮೂಗಿಗೆ ಅಥವಾ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ಈ ವಯಸ್ಸಿಗೆ ತೆಂಗಿನ ಚಿಪ್ಪು, ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ಒಣಗಿದ ಸೋರೆಬುರುಡೆಯಂತಹ ಬಾಯಿಗೆ ಹಿಡಿಯದ ವಸ್ತುಗಳೇ ಸರಿ. ವರ್ಷ ತುಂಬಿದ ಮಗುವಿಗೆ ಏನಾದರೂ ಸಿಕ್ಕಿಕೊಂಡು ಉಸಿರು ಕಟ್ಟಿದರೆ ಗಂಟಲಿಗೆ ಬೆರಳು ಹಾಕಿ ತಡಕಬಾರದು. ಮಗುವನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಬೇಕು, 108ಕ್ಕೆ ಕರೆ ಮಾಡಿಸಬೇಕು. ಕೃಷಿಹೊಂಡ, ಸಗಣಿ ಗುಂಡಿ, ದನ ನೀರು ಕುಡಿಯುವ ತೊಟ್ಟಿ, ಇವುಗಳಿಗೆ ಬೇಲಿ ಅಥವಾ ಮುಚ್ಚಳವಿಲ್ಲದ ಕಡೆ ಎಳೆಯ ಮಗುವನ್ನು ಕರೆದೊಯ್ಯುವ ಮಾತೇ ಬೇಡ. ಗೇಣುದ್ದ ನೀರಿದ್ದ ಬಕೆಟ್ಟಿನಲ್ಲಿಯೂ ಮಗು ಮುಳುಗಬಹುದು.

ಕೆಲಸದ ವೇಳೆಯಲ್ಲಿ ಮಗು ಅಳದಿರಲೆಂದು ಮೊಬೈಲು ಕೊಟ್ಟು ಬದುವಿನ ಮೇಲೆ ಕೂರಿಸುವುದು ಈಗಿನ ರೂಢಿ. ತಾಯಿಯ ಕಷ್ಟ ನಿಜವೇ ಆದರೂ ಮೊಬೈಲು ಮಗುವಿನ ಮಾತಿಗೆ ಮರುಮಾತು ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಸಲಹೆಯಂತೆ 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದು.

ಅಂಗನವಾಡಿಯೊಡನೆ

ಮನೆಯಲ್ಲಿ ಕಲಿಸುವುದೆಂದರೆ ಅಂಗನವಾಡಿಯನ್ನು ಬಿಡಿಸುವುದೆಂದು ಅರ್ಥವಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ತಿರುಮಕೂಡಲು ನರಸೀಪುರ. ಅಂದಿನಿಂದಲೂ ಶಾಲಾಪೂರ್ವ ಶಿಕ್ಷಣ ಅದರ ಒಂದು ಅಂಗ. ಈ ವಾರ ಕೇಂದ್ರದಲ್ಲಿ ಹಣ್ಣುಗಳ ವಿಷಯ ನಡೆಯುತ್ತಿದ್ದರೆ ಮನೆಯಲ್ಲಿಯೂ ಸೀಬೆ, ಪರಂಗಿಗಳನ್ನು ಮೂಸಿಸಿ, ಕೊಯ್ದು, ಬೀಜ ತೋರಿಸಬಹುದು. ಮಗುವನ್ನು ಬಿಡಲು ಹೋದಾಗ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿದರಾಯಿತು. ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಂಘಗಳ ಸಭೆಯಲ್ಲಿ ಈ ವಿಷಯ ತಿಳಿಸುವಾಗ ಭಿತ್ತಿಚಿತ್ರ ತೂಗುಹಾಕುವುದಕ್ಕಿಂತ ಒಂದು ಮೊರದಲ್ಲಿ ಬೆರಕೆ ಕಾಳು ತಂದು, ಅಲ್ಲಿಯೇ ಇರುವ ಮಗುವೊಂದನ್ನು ಕೂರಿಸಿ ತೋರಿಸುವುದು ಹೆಚ್ಚು ಪರಿಣಾಮಕಾರಿ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ನೆರೆಮನೆಯ ಮಗುವಿನೊಡನೆ ಹೋಲಿಸಿ ಕೊರಗುವುದು ಬೇಡ. ಆದರೆ ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷ ತುಂಬಿದರೂ "ಅಮ್ಮ ಬಾ" ಎಂಬಂತೆ ಎರಡು ಮಾತು ಕೂಡಿಸದಿದ್ದರೆ, ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೆಳೆದಂತೆ ಸರಿಹೋಗುತ್ತದೆಂದು ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸತಕ್ಕದ್ದು. ಕಿವಿ ಕೇಳಿಸದ ಮಗುವನ್ನು ಹಟಮಾರಿಯೆಂದು ಬಯ್ಯುತ್ತಾ ವರ್ಷಗಳನ್ನು ಕಳೆದುಬಿಡುವ ಸಾಧ್ಯತೆ ಇದೆ.