ಬೋಕಿ ಹೇಳುವ ಇತಿಹಾಸ

ವಸ್ತು ಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಅರಮನೆಯಂಥ ಕಟ್ಟಡ, ರಾಜರ ಆಯುಧ, ಅಮೃತಶಿಲೆಯ ವಿಗ್ರಹ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ಯೂರ್ ಸಂಗ್ರಹಾಲಯವಾದರೋ ಚಿಕ್ಕದು. ಅಲ್ಲಿ ಹೆಚ್ಚಾಗಿರುವುದು ಪ್ರಾಚೀನ ಗ್ರೀಕರ ಮಡಕೆ ಕುಡಿಕೆಗಳು. ನಾನು ಅಲ್ಲಿಗೆ ಹೋದವನಲ್ಲ. ನಮ್ಮ ಇತಿಹಾಸದ ಅಧ್ಯಾಪಕರು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅದರ ಸಚಿತ್ರ ವಸ್ತುಪಟ್ಟಿಯನ್ನು ತೆರೆದುಕೊಟ್ಟರು. ಮೂರು ಮಧ್ಯಾಹ್ನ ನಾನು ಅದರಲ್ಲಿಯೇ ಸುತ್ತಾಡಿದೆನು.

ಈ ಸಂಗ್ರಹಾಲಯವನ್ನು 1922ರಲ್ಲಿ ಸ್ಥಾಪಿಸಿದವರು ಪ್ರೊಫೆಸರ್ ಪರ್ಸಿ ಯೂರ್ ಮತ್ತು ಅವರ ಪತ್ನಿ ಆನಿ ಯೂರ್. ಅದೇ ವಿದ್ಯಾಸಂಸ್ಥೆಯಲ್ಲಿ ಓದಿದ್ದ ಆನಿಯವರು 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು. ಗ್ರೀಸಿನ ಬೊಯೋಷಿಯ ಪ್ರಾಂತದ ರಿಟ್ಸೋನದಲ್ಲಿ ಪರ್ಸಿಯವರು 1907-08ರಲ್ಲಿ ರೊನಾಲ್ಡ್ ಬರೋಸ್ ಅವರೊಡನೆಯೂ, 1921-22ರಲ್ಲಿ ಆನಿಯವರೊಡನೆಯೂ ಹಳೆಯ ಗೋರಿಗಳನ್ನು ಅಗೆಸಿದರು. ಕೆಲವು ಗೋರಿಗಳಲ್ಲಿ ನೂರಾರು ಮಡಕೆಗಳಿದ್ದವು. ಚಿತ್ರವಿರುವ ಹೂಜಿಗಳನ್ನಷ್ಟೇ ಆರಿಸಿಕೊಳ್ಳದೆ, ಸಾದಾ ಕುಡಿಕೆಗಳನ್ನೂ ಬಿಡದೆ, ಯಾವುದು ಯಾವ ಗೋರಿಯಲ್ಲಿ ಯಾವುದರ ಜತೆ ದೊರೆಯಿತೆಂದು ಬರೆದಿಟ್ಟರು. ಒಂದೇ ಗೋರಿಯಲ್ಲಿ ಒಟ್ಟಿಗೆ ಹೂತಿಟ್ಟವುಗಳಲ್ಲಿ ಒಂದರ ಕಾಲ ತಿಳಿದರೆ ಉಳಿದವುಗಳ ಕಾಲವನ್ನೂ ಊಹಿಸಬಹುದಷ್ಟೆ.

ಈ ಬಗೆಯ ವಿಚಾರದಿಂದ ನಮ್ಮ ನಾಡಿಗೂ ಉಪಕಾರವಾಗಿದೆ. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಮಾರ್ಟಿಮರ್ ವ್ಹೀಲರ್ ಅವರಿಗೆ, ಕಾಲ ಗೊತ್ತಿದ್ದ ಇಟಲಿಯ ಕೆಂಪು ಮಣ್ಣಿನ ಪಾತ್ರೆಗಳ ಜತೆಗೆ, ಒಳತಳದಲ್ಲಿ ಸಣ್ಣ ಗೀರುಗಳ ಸಾಲಿದ್ದ ತಟ್ಟೆಯ ಚೂರುಗಳೂ ದೊರೆತವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಂಥವೇ ಚೂರುಗಳು ಸಿಕ್ಕಾಗ, ಆ ಮಣ್ಣಿನ ಪದರ ಕ್ರಿಸ್ತಶಕದ ಆರಂಭಕಾಲದ್ದೆಂದು ಹೇಳಲು ಆಧಾರವಾಯಿತು. ಇಟಲಿಯ ಕುಂಬಾರನು ನಮ್ಮ ನೆಲದ ಕಾಲವನ್ನು ತಿಳಿಸಿಕೊಟ್ಟನು!

ಇದನ್ನು ತಿಳಿದು ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಚಿಕ್ಕಂದಿನಲ್ಲಿ ನಮ್ಮ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ಕಪ್ಪು-ಕೆಂಪು ಬೋಕಿಗಳನ್ನು ಉಜ್ಜಿ, ಬಿಲ್ಲೆ ಮಾಡಿ ಆಡಿದವನು ನಾನು. ಅವು ಎಲ್ಲಿ ಸಿಕ್ಕಿದವೆಂದು ಈಗ ಹೇಳಲಾರೆ. ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಈ ವಿಷಯ ಹೇಳಿದೆನು. "ಬೋಕಿ ನೋಡೋಕೆ ಕಾಲೇಜಿಗೆ ಹೋಗಬೇಕಿತ್ತೇನೋ ಮಗಾ?" ಎಂದು ನಕ್ಕಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹೋಗಬೇಕಿತ್ತೆಂದೇ ನನಗೆ ತೋರಿತು. ಮರುದಿನ ಅಪ್ಪ ಉಳುವಾಗ ಒಂದು ಬೋಕಿ ಮೇಲೆದ್ದಿತು. ಹೊಲದ ಹೆಸರು, ಬದುವಿನಿಂದ ಎಷ್ಟು ಹೆಜ್ಜೆ, ಅಂದಿನ ತಾರೀಖು, ಇವನ್ನು ಬರೆದುಕೊಂಡು ಅಧ್ಯಾಪಕರಿಗೆ ತೋರಿಸಿದೆನು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನಲ್ಲಿಯೂ ಬೋಕಿಗಳು ಸಿಕ್ಕಾವು. ಎಲ್ಲಿ ಸಿಕ್ಕಿತೆಂಬುದನ್ನು ಮೊದಲು ಬರೆಯಿರಿ, ಎತ್ತಿಕೊಳ್ಳುವುದು ಆಮೇಲೆ.